ಮೂರು ಕಾಳಿನ ಮನೆ

ಒಂದು ಊರು. ಊರಿನ ಹೆಸರು ಹೇಳಿದರೆ ಆ ಊರಿನವರು ಬಡಿಗೆ ಹಿಡಿದು ನನ್ನ ಹುಡುಕಿಕೊಂಡು ಬಂದಾರು, ಅದಕ್ಕೆ ಹೆಸರು ಬೇಡ. ಆ ಊರಲ್ಲಿ ತಿಪ್ಪವ್ವ ಅಂತ ಒಬ್ಬಳಿದ್ದಳು. ಈಚಲ ಗರಿ ಸೀಳಿ, ಕಸಬರಿಗೆ ಕಟ್ಟಿ, ಸಂತೆಯಲ್ಲಿ ಮಾರಿ ಹೊಟ್ಟೆ ಹೊರೆಯುತ್ತಿದ್ದಳು. ಗಂಡ ಸತ್ತು ಯಾವ ಕಾಲವೋ ಆಗಿತ್ತು. ಇದ್ದೊಬ್ಬ ಮಗ ಮಾಳಪ್ಪ, ಎಲ್ಲರ ಬಾಯಲ್ಲಿ ಮಾಳ್ಯಾ. ಮೀಸೆ ಬಂದಿತ್ತು. ಬುದ್ಧಿ ಮಾತ್ರ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು.

ಹೇಳಿದ್ದನ್ನು ಮಾಡುವುದಿಲ್ಲ ಅಂತ ಬೇರೆ ತಾಯಂದಿರು ಅಳುತ್ತಾರೆ. ಹೇಳಿದ್ದನ್ನೇ ಮಾಡುತ್ತಾನಲ್ಲಾ ಅಂತ ತಿಪ್ಪವ್ವ ಅಳುತ್ತಿದ್ದಳು. "ಹಾಲು ಉಕ್ಕೂದ ನೋಡೋ" ಅಂದರೆ, ಹಾಲು ಉಕ್ಕಿ ಒಲೆಗೆ ಸುರಿದು ಒಲೆ ಆರುವ ತನಕ ನೋಡುತ್ತಿದ್ದ. "ನೋಡಿದ್ನಿ ಯವ್ವಾ, ಭಾಳ ಚಂದ ಉಕ್ಕಿತು!" ಅನ್ನುತ್ತಿದ್ದ.

ನಗಬೇಡಿ. ಕಸಬರಿಗೆ ಕಟ್ಟುವಾಗ ತಿಪ್ಪವ್ವನ ಎದೆಯಲ್ಲಿ ಛಳಕ್ಕೆಂದು ಒಂದು ನೋವು ಎದ್ದು ಹೋಗುತ್ತಿತ್ತು. ನೋವಿಗಿಂತ ಹೆದರಿಕೆ ದೊಡ್ಡದು. ನಾನು ಕಣ್ಣು ಮುಚ್ಚಿದ ಮೇಲೆ ಇವನ ಗತಿ ಏನು? ಇವನಿಗೆ ಯಾರು ಏನು ಹೇಳುತ್ತಾರೋ, ಇವನು ಏನು ಮಾಡುತ್ತಾನೋ? ಅವಳಿಗೆ ಒಂದೇ ಒಂದು ಆಸೆ ಉಳಿದಿತ್ತು, ಮಗನಿಗೆ ಎರಡು ಆಡು. ಆಡು ಹಾಗೆ ಮಾಡು, ಹೀಗೆ ಮಾಡು ಅನ್ನುವುದಿಲ್ಲ. ಆಡಿನ ಹಿಂದೆ ಹೋದಾಗ ಮಾಳ್ಯಾ ಒಂದು ದಿನವೂ ಎಡವಿದವನಲ್ಲ.

ಆಡು ಬರುವ ದಾರಿಯೂ ಒಂದಿತ್ತು. ಪಟ್ಟಣದ ಸಂಸ್ಥೆಯವರು ಊರ ಹೆಂಗಸರನ್ನು ಕೂಡಿಸಿ ಸಂಘ ಕಟ್ಟಿದ್ದರು. ಬಡವರ ಮನೆಗೆ ಜೋಡಿ ಆಡು ಸಾಲ ಕೊಡುತ್ತಿದ್ದರು, ಮರಿ ಹಾಕಿದಾಗ ಮರಿ ಕೊಟ್ಟು ತೀರಿಸುವುದು. ಆದರೆ ಕೊಡುವ ಮೊದಲು ಮನೆಯ ಬಡತನ ಅಳೆಯುತ್ತಿದ್ದರು. ನಿನ್ನೆ ಏನು ಉಂಡಿರಿ, ಒಲೆ ಯಾವುದು, ಮನೆಯಲ್ಲಿ ಏನೇನಿದೆ ಅಂತ ಕೇಳುವುದು, ಕಂಡು ತೂಗುವುದು. ವರ್ಷ ಕಳೆದ ಮೇಲೆ ಮತ್ತೆ ಬಂದು ಅಳೆಯುವುದು. ಆಗ ಮನೆ ಒಂದು ಮೆಟ್ಟಿಲಾದರೂ ಮೇಲೆ ಬಂದಿರಬೇಕು, ಬರದಿದ್ದರೆ ಆಡು ಬಿಚ್ಚಿಕೊಂಡು ಬೇರೆ ಮನೆಗೆ. ಈ ಕೆಲಸಕ್ಕೆ ಬರುತ್ತಿದ್ದ ಮೇಡಮ್ಮನಿಗೆ ಊರವರು ಅಳತಿ ಅಕ್ಕೋರು ಅಂತ ಹೆಸರಿಟ್ಟಿದ್ದರು.

ಅಕ್ಕೋರು ಬರುವ ದಿನ ತಿಪ್ಪವ್ವ ಗರಿ ತರಲು ಹಳ್ಳಕ್ಕೆ ಹೊರಟಿದ್ದಳು. "ಅಕ್ಕೋರು ಏನರ ಕೇಳಿದರ ಖರೇ ಹೇಳೋ ಮಗನ" ಅಂದಳು. ಅಕ್ಕೋರು ನಳದ ಹತ್ತಿರ ಮಾಳ್ಯಾನನ್ನು ಕಂಡು, "ನಿನ್ನೆ ಏನು ಉಂಡ್ಯಪ್ಪಾ?" ಅಂದರು.

"ಹೋಳಿಗಿ, ತುಪ್ಪ, ಆಂಬೋಡೆ, ಪಾಯಸ!"

ಖರೆಯೇ. ನಿನ್ನೆ ಬಾಜೂಮನೆ ನೀಲವ್ವನ ಮಗಳ ನಿಶ್ಚಯ ಇತ್ತು. ಕರೆದಿದ್ದರು, ಹೋಗಿ ಉಂಡು ಬಂದಿದ್ದ. ಅಕ್ಕೋರು ಹುಬ್ಬೇರಿಸಿ ಬರೆದುಕೊಂಡು ಹೋದರು.

ಹಳ್ಳದಿಂದ ಬಂದು ಮಗನ ಬಾಯಿಂದ ಇದನ್ನು ಕೇಳಿದ ತಿಪ್ಪವ್ವ ಗರಿಯ ಹೊರೆ ಎಸೆದು ತಲೆ ಬಡಿದುಕೊಂಡಳು. "ಅಯ್ಯ ನನ್ನ ಹಣೇಬಾರಾ! ಹೋಳಿಗಿ ಉಣ್ಣೂರಿಗೆ ಆಡು ಯಾರು ಕೊಡ್ತಾರೋ? ಬಡವರ ಮನ್ಯಾಗ ಏನಿರತೈತಿ? ಇನ್ನ ಏನ್ ಕೇಳಿದರೂ 'ಇಲ್ರೀ' ಅನ್ನು!"

"ಹೂಂ ಯವ್ವಾ."

ಮರುವಾರ ಅಕ್ಕೋರು ಮನೆಗೇ ಬಂದರು. ತಿಪ್ಪವ್ವ ಹಿತ್ತಲಲ್ಲಿ ಗರಿ ಸೀಳುತ್ತಿದ್ದಳು.

"ನಿಮ್ಮವ್ವ ಅದಾಳೇನಪ್ಪಾ?"

"ಇಲ್ರೀ."

"ಇದು ತಿಪ್ಪವ್ವನ ಮನಿ ಹೌದಲ್ಲ?"

"ಇಲ್ರೀ."

"ನೀನು ಆಕಿ ಮಗ ಅಲ್ಲೇನು?"

"ಇಲ್ರೀ."

"ನೀನರ ಇಲ್ಲಿ ಇದ್ದೀಯೋ ಇಲ್ಲೋ?"

"ಇಲ್ರೀ!"

ಇಲ್ಲದ ಮನೆಯನ್ನು ಹೇಗೆ ಅಳೆಯುವುದು? ಅಕ್ಕೋರು ನಕ್ಕು ಹೊರಟೇಬಿಟ್ಟರು. ಹಿತ್ತಲಿಂದ ಬಂದ ತಿಪ್ಪವ್ವನಿಗೆ ಓಣಿಯ ತುದಿಯಲ್ಲಿ ಅವರ ಕೊಡೆ ಮಾತ್ರ ಕಂಡಿತು. ಎದೆ ಹಿಡಿದುಕೊಂಡು ಓಡಿದಳು, ಕೈಕಾಲು ಬಿದ್ದಳು, ಇನ್ನೊಮ್ಮೆ ಬರುತ್ತೇನೆ ಅನ್ನಿಸಿಕೊಂಡು ಬಂದಳು. ಬಂದವಳೇ ಮಗನ ಬೆನ್ನಿಗೆ ಗುದ್ದಿದಳು.

"ಮನೀನ ಇಲ್ಲ ಮಾಡಿದೆಲ್ಲೋ ಖೋಡಿ! ಅವರಿಗೆ ಕಣ್ಣಿಂದ ಕಾಣಬೇಕು. ಇನ್ನೊಮ್ಮೆ ಬಂದರ ಬಾಯಿ ಬಿಚ್ಚಬ್ಯಾಡ. ಬಾಗಿಲಾ ತಗದು ಒಳಗಿಂದೆಲ್ಲಾ ಹೊರಗ ತಂದು ತೋರಿಸು!"

"ಹೂಂ ಯವ್ವಾ."

ಮೂರನೆಯ ಸಲ ಅಕ್ಕೋರು ಬಂದಾಗ ತಿಪ್ಪವ್ವ ಸಂತೆಗೆ ಹೋಗಿದ್ದಳು. ನೀಲವ್ವ ಬೀಗರ ಊರಿಗೆ ಹೋಗುವಾಗ ತನ್ನ ಮನೆಯ ಕೀಲಿ ತಿಪ್ಪವ್ವನ ಹತ್ತಿರ ಬಿಟ್ಟಿದ್ದಳು. ಮಾಳ್ಯಾ ಬಾಯಿ ಬಿಚ್ಚಲಿಲ್ಲ. ತಮ್ಮ ಮನೆಯ ಮೂರು ಗಡಿಗೆ, ಒಂದು ಕೌದಿ, ಒಂದು ಬುಟ್ಟಿ ಹೊರಗೆ ತಂದಿಟ್ಟ. ಆಮೇಲೆ ಗೂಟದ ಮೇಲಿನ ಕೀಲಿ ಕಂಡಿತು. ಬಾಗಿಲು ತೆಗೆಯಬೇಕು ಅಂದಿದ್ದಳಲ್ಲ ಅವ್ವ! ನೀಲವ್ವನ ಬಾಗಿಲನ್ನೂ ತೆಗೆದ. ಟೀವಿ ಬಂತು, ಗ್ಯಾಸಿನ ಸಿಲಿಂಡರ್ ಬಂತು, ಫ್ಯಾನು ಬಂತು, ತಿಜೋರಿಯನ್ನು ದರದರ ಎಳೆದು ಅಂಗಳದ ನಡುವೆ ನಿಲ್ಲಿಸಿದ. ಅಕ್ಕೋರು ಸುಮ್ಮನೆ ಬರೆದುಕೊಂಡರು.

ಸಂತೆಯಿಂದ ಬಂದ ತಿಪ್ಪವ್ವ ಅಂಗಳದ ತಿಜೋರಿ ನೋಡಿ ಅಲ್ಲೇ ಕುಸಿದಳು. ನೀಲವ್ವ ಬಂದರೆ ಕಳ್ಳರೆಂದಾಳು, ಸಂಸ್ಥೆಯವರು ಸುಳ್ಳರೆಂದಾರು. ಕತ್ತಲಾಗುವ ತನಕ ಇಬ್ಬರೂ ಕೂಡಿ ಸಾಮಾನು ಹೊತ್ತು ಒಳಗಿಟ್ಟರು.

"ಬ್ಯಾರೆಯವರದಕ್ಕ ಕೈ ಹಚ್ಚತಾರೇನೋ? ನೀಲವ್ವಂದು ಏನೇ ಇರಲಿ, ಇನ್ನ ಮುಟ್ಟಿದರ ಕೈ ಮುರೀತೇನಿ!"

"ಹೂಂ ಯವ್ವಾ."

ಅಕ್ಕೋರು ಮಾತ್ರ ಒಳ್ಳೆಯವರು. ತಿಜೋರಿ ಯಾರದೆಂದು ಊರಲ್ಲಿ ಕೇಳಿ ತಿಳಿದುಕೊಂಡಿದ್ದರು. "ಈ ಹುಡುಗನಿಂದ ಅಳತಿ ಆಗೂದಿಲ್ಲ. ಊರವರೇ ಅಳೀಲಿ" ಅಂದರು. ಅಂಗನವಾಡಿಯ ಮುಂದಿನ ಬಯಲಲ್ಲಿ ಹೆಂಗಸರೆಲ್ಲ ಸೇರಿ ರಂಗೋಲಿಯಿಂದ ಊರಿನ ನಕ್ಷೆ ಬರೆದರು. ಮನೆಗೊಂದು ಚೌಕ. ತೀರಾ ಬಡವರ ಚೌಕದಲ್ಲಿ ಮೂರು ಗೋವಿನಜೋಳದ ಕಾಳು, ಬಡವರಿಗೆ ಎರಡು, ಹೆಂಗೋ ನಡೆದೀತು ಅನ್ನುವವರಿಗೆ ಒಂದು. ಉಳ್ಳವರ ಚೌಕ ಖಾಲಿ, ಅವರಿಗೆ ಸಂಘದಲ್ಲಿ ಜಾಗ ಇಲ್ಲ. ತಿಪ್ಪವ್ವನ ಚೌಕದಲ್ಲಿ ಎಲ್ಲರೂ ಒಂದೇ ಮಾತಿಗೆ ಮೂರು ಕಾಳಿಟ್ಟರು. ತಿಪ್ಪವ್ವ ಉಸಿರು ಬಿಟ್ಟಳು.

ಚಹಾ ಕುಡಿಯಲು ಎಲ್ಲರೂ ಒಳಗೆ ಹೋದಾಗ ನಕ್ಷೆ ಕಾಯಲು ಮಾಳ್ಯಾನನ್ನು ಕೂಡಿಸಿದರು. ಬಂತು ಒಂದು ಕೋಳಿ. ಯಾರ ಕೋಳಿ? ನೀಲವ್ವನ ಕೋಳಿ! ಮಾಳ್ಯಾ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡ. ಕೋಳಿ ಟಕಟಕ ಕುಕ್ಕುತ್ತ ಓಣಿ ಓಣಿ ತಿರುಗಿತು. ಅಕ್ಕೋರು ಬಂದು ನೋಡಿದರೆ ಊರಲ್ಲಿ ಒಬ್ಬ ಬಡವನೂ ಉಳಿದಿರಲಿಲ್ಲ.

ಹೆಂಗಸರು ಬಿದ್ದು ಬಿದ್ದು ನಕ್ಕರು. ತಿಪ್ಪವ್ವನಿಗೆ ನಗೆ ಬರಲಿಲ್ಲ. ಮತ್ತೆ ಇಡುವಾಗ ನಮ್ಮ ಚೌಕಕ್ಕೆ ಒಂದು ಕಾಳು ಕಡಿಮೆ ಬಿದ್ದರೆ? ಇಟ್ಟರು, ಮೂರೇ ಇಟ್ಟರು. ಆದರೂ ಅವಳು ಮಗನ ಕಿವಿ ಹಿಂಡಿದಳು. "ಕಾಳು ಕಾಯಾಕ ಕುಂತಂವ ಕೋಳಿ ಓಡಿಸಬೇಕಿಲ್ಲೇನೋ? ನಮ್ಮನಿ ಕಾಳಿಗೆ ಯಾರರ ಬಾಯಿ ಹಾಕಿದರ, ಕೈ ಹಾಕಿದರ ಬಡಿಗಿ ತಗೋ!"

"ಹೂಂ ಯವ್ವಾ."

ಜೋಡಿ ಆಡು ಬಂದವು. ಅಕ್ಕೋರು ಹಗ್ಗವನ್ನು ಮಾಳ್ಯಾನ ಕೈಗೆ ಕೊಟ್ಟರು. "ಆಡು ಒದರಿದರ ಹಸದಾವು ಅಂತ ತಿಳಿ. ಮೊದಲ ಅವಕ್ಕ ತಿನಿಸು, ಆಮ್ಯಾಲ ಬ್ಯಾರೆ ಕೆಲಸ" ಅಂದರು. ಹೋಗುವಾಗ ನಗುತ್ತ, ಅಂದು ಚೌಕದಿಂದ ಎತ್ತಿಟ್ಟುಕೊಂಡಿದ್ದ ಮೂರು ಕಾಳನ್ನೂ ಅವನ ಅಂಗೈಯಲ್ಲಿ ಇಟ್ಟರು. "ಇವು ನಿಮ್ಮನಿ ಕಾಳು. ಜ್ವಾಕಿ. ಬರೂ ವರ್ಷ ನೋಡ್ತೇನಿ."

ಜೋಪಾನ ಮಾಡುವುದು ಹೇಗೆ? ಗಡಿಗೆಯಲ್ಲಿಟ್ಟರೆ ಇಲಿ, ಹೊರಗಿಟ್ಟರೆ ಕೋಳಿ. ಮಾಳ್ಯಾ ಹಿತ್ತಲಲ್ಲಿ ಗುಂಡಿ ತೋಡಿ ಮೂರನ್ನೂ ಹೂತಿಟ್ಟ. ಮಳೆ ಬಿತ್ತು. ಮುಂದೇನಾಯಿತು ಅಂತ ಒಕ್ಕಲುತನದವರಿಗೆ ಹೇಳಬೇಕೇ? ದಂಟು ಎದ್ದವು, ತೆನೆ ತೂಗಿದವು. ಒಂದು ತೆನೆ ಸುಡೋಣ ಅಂತ ತಿಪ್ಪವ್ವ ಕೈ ಹಾಕಿದರೆ ಮಗ ಬಡಿಗೆ ಎತ್ತಿದ. ಪಾಪ, ಹುಡುಗ ಏನೋ ಬೆಳೆದಿದ್ದಾನೆ ಅಂತ ಅವಳೂ ಬಿಟ್ಟಳು. ತೆನೆ ಒಣಗಿದ ಮೇಲೆ ಮಾಳ್ಯಾ ಕಾಳು ಬಿಡಿಸಿ ಬುಟ್ಟಿಗೆ ತುಂಬಿಟ್ಟ. ಅವು ಯಾವ ಕಾಳು ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ಆಡು ಹೊಟ್ಟೆ ತುಂಬ ಮೇಯ್ದವು, ಮರಿ ಹಾಕಿದವು. ಮರಿ ಕೊಟ್ಟು ಸಾಲ ಅರ್ಧ ತೀರಿತು. ಚಹಾಕ್ಕೆ ಹಾಲು ಬಂತು, ಮಾಡಿಗೆ ಹೊಸ ತಗಡು ಬಂತು. ವರ್ಷ ತುಂಬುತ್ತ ಬಂದಂತೆ ತಿಪ್ಪವ್ವನಿಗೆ ಮತ್ತೆ ಪುಕುಪುಕು ಶುರುವಾಯಿತು. ತೀರಾ ಬಡವರಾಗಿಯೇ ಕಂಡರೆ ಆಡು ಹೋಗುತ್ತದೆ, ತೀರಾ ಉಳ್ಳವರಾಗಿ ಕಂಡರೆ ಸಂಘ ಹೋಗುತ್ತದೆ. ಎರಡು ಕಾಳು, ಇಲ್ಲ ಒಂದು, ಅಷ್ಟರಲ್ಲೇ ನಿಲ್ಲಬೇಕು. ಮಗನಿಗೆ ಈ ಸಲ ಅವಳು ಏನೂ ಹೇಳಲಿಲ್ಲ. ತನ್ನ ನಾಲಿಗೆಗೆ ತಾನೇ ಹೆದರಿಬಿಟ್ಟಿದ್ದಳು.

ಅಳತೆಯ ದಿನ ಅಕ್ಕೋರ ಜೊತೆ ಒಬ್ಬ ಸಾಹೇಬರೂ ಬಂದರು. ಹತ್ತಾರು ಸಂಸ್ಥೆಗಳ ಮೇಲಿನ ಸಾಹೇಬರು. "ನಾನು ಮಾತು ಕೇಳೋದಿಲ್ಲ, ಕಾಳು ನೋಡ್ತೀನಿ" ಅಂದರು. ಮತ್ತೆ ನಕ್ಷೆ, ಮತ್ತೆ ಚೌಕ. ತಿಪ್ಪವ್ವನ ಸರದಿ ಬಂತು.

"ನಿಮ್ಮನಿಗೆ ಎಷ್ಟು ಕಾಳು ಇಡೂಣು ತಿಪ್ಪವ್ವಾ?" ಅಂದರು ಅಕ್ಕೋರು.

ಅವಳು ಬಾಯಿ ತೆರೆಯುವಷ್ಟರಲ್ಲಿ, "ನಮ್ಮನಿ ಕಾಳು ನನ್ನ ಹಂತೇಲಿ ಅದಾವ್ರೀ! ನೀವ ಕೊಟ್ಟಿದ್ರೆಲ್ಲ!" ಅಂತ ಮಾಳ್ಯಾ ಮನೆಗೆ ಓಡಿದ. ಓಡಿ ಬಂದವನೇ ಒಂದು ಬುಟ್ಟಿ ಗೋವಿನಜೋಳ ಚೌಕದ ಮೇಲೆ ಸುರಿದ. ಚೌಕ ಮುಚ್ಚಿತು, ಓಣಿ ಮುಚ್ಚಿತು, ನೀಲವ್ವನ ಮನೆಯೂ ಮುಚ್ಚಿತು.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಹೋದ ವರ್ಷ ಮೂರು. ಈ ವರ್ಷ ಒಂದು ಬುಟ್ಟಿ! ಆಡು ಕೊಟ್ಟಿದ್ದಕ್ಕೆ ಮನೆಯೇ ಮುಳುಗಿದೆ. ಆಡು ಬಿಚ್ಚಿಸಿ!"

ಊರಲ್ಲಿ ಒಬ್ಬನೇ ಮಾಳ್ಯಾ ಇದ್ದಾನೆಂದು ಎಲ್ಲರೂ ತಿಳಿದಿದ್ದರು. ಈಗ ಇಬ್ಬರಾದರು.

"ಸರ್, ಅದು ಹಂಗಲ್ಲ..." ಅನ್ನುತ್ತ ಅಕ್ಕೋರು ಕಾಳು ಬಳಿಯಲು ಬಗ್ಗಿದರು. ಮಾಳ್ಯಾ ಬಡಿಗೆ ಎತ್ತಿ ನಿಂತ. "ದೂರ ಸರೀರಿ! ನಮ್ಮನಿ ಕಾಳಿಗೆ ಯಾರೂ ಕೈ ಹಚ್ಚಬ್ಯಾಡ್ರಿ!"

ತಿಪ್ಪವ್ವ ಏನೋ ಹೇಳಲು ಹೋಗಿ ತಡೆದಳು. ಬಿಡೋ ಅಂದರೆ ಏನನ್ನು ಬಿಡುತ್ತಾನೋ, ತೆಗಿಯೋ ಅಂದರೆ ಏನನ್ನು ತೆಗೆಯುತ್ತಾನೋ! ಎದೆಯಲ್ಲಿ ಛಳಕ್ಕೆಂದಿತು. ಸೆರಗು ಬಾಯಿಗೆ ತುರುಕಿಕೊಂಡು ನಿಂತಳು.

ಆಗ ಸಾಹೇಬರಿಗೆ ತೋರಿಸಲು ತಂದು ಬಯಲಂಚಿನ ಬೇವಿನ ಗಿಡಕ್ಕೆ ಕಟ್ಟಿದ್ದ ಆಡು ಒದರಿದವು. "ಮ್ಯಾ!"

ಮಾಳ್ಯಾ ಬಡಿಗೆ ಒಗೆದ. ಮೊದಲು ತಿನಿಸು, ಆಮೇಲೆ ಬೇರೆ ಕೆಲಸ! ಆಡುಗಳನ್ನು ಬಿಚ್ಚಿ ತಂದು ನಕ್ಷೆಯ ಮೇಲೆಯೇ ಬಿಟ್ಟ. ಸಾಹೇಬರು ಹಿಂದೆ ಸರಿದರು. ಆಡು ಕಾಳು ಮುಕ್ಕಿದವು, ನೆಲ ನೆಕ್ಕಿದವು. ಚೌಕ ತೊಳೆದಿಟ್ಟ ಹಾಗೆ ಖಾಲಿಯಾಯಿತು.

ಸಾಹೇಬರು ಬಗ್ಗಿ ನೋಡಿದರು. "ಒಂದೂ ಕಾಳಿಲ್ಲ. ಉಳ್ಳವರ ಮನೆ! ಇವರಿಗೆ ಸಂಘ ಯಾಕೆ? ಆಡು ಬಿಚ್ಚಿಸಿ!"

ತಿಪ್ಪವ್ವನಿಗೆ ತಡೆಯಲಾಗಲಿಲ್ಲ. "ಒಂದ ಕಾಳರ ಉಳಸೋ ಮಗನ!" ಅಂತ ಚೀರಿದಳು.

ಮಾಳ್ಯಾ ಗಬಕ್ಕನೆ ಆಡಿನ ದವಡೆ ಹಿಡಿದ, ಬೆರಳು ತೂರಿಸಿದ, ಜೊಲ್ಲು ಸುರಿಯುವ ಒಂದು ಕಾಳು ಹೊರಗೆಳೆದ. ಅಂಗಿಗೆ ಒರೆಸಿ ಚೌಕದ ನಡುವೆ ಇಟ್ಟ.

"ಮೂರು ಇದ್ದದ್ದು ಒಂದಾಗಿದೆ. ಬಹಳ ಒಳ್ಳೆಯ ಏಳಿಗೆ!" ಸಾಹೇಬರು ಬರೆದುಕೊಂಡರು. ಮಾಳ್ಯಾನ ಬೆನ್ನು ತಟ್ಟಿದರು. "ಶಭಾಷ್! ಮುಂದೆ ಈ ಒಂದು ಕಾಳೂ ಇರಬಾರದು, ತಿಳಿತಾ?" ಅಂದು ತಮ್ಮ ಜೀಪಿನ ಕಡೆ ಮುಖ ಮಾಡಿದರು.

"ಹೂಂ ರೀ" ಅಂದ ಮಾಳ್ಯಾ, ಆ ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಂಡು ಕಟಂ ಅಂತ ಕಡಿದ.

ಸಾಹೇಬರು ತಿರುಗಿ ನೋಡುವುದರೊಳಗೆ ತಿಪ್ಪವ್ವ ಒಂದೇ ನೆಗೆತಕ್ಕೆ ಬಂದು ಖಾಲಿ ಚೌಕದ ಮೇಲೆ ಎರಡೂ ಪಾದ ಊರಿ ನಿಂತಳು. ಸುಡುವ ಬಿಸಿಲು. ಜೀಪು ಕಣ್ಮರೆಯಾಗುವ ತನಕ ಕದಲಲಿಲ್ಲ. ಅಕ್ಕೋರು ಕಂಡೂ ಕಾಣದವರ ಹಾಗೆ ಹೋದರು. ಆಡು ಉಳಿದವು.

"ನಮ್ಮನಿ ಮ್ಯಾಲ ಯಾಕ ನಿಂತೀ ಯವ್ವಾ?"

"ನಾ ಇರೂ ತನಕ ನಾ ನಿಂದರಬೇಕೋ ನನ್ನಪ್ಪಾ. ನಾ ಇಲ್ಲದಾಗ ನೀ ನಿಂದರಬೇಕು" ಅಂದಳು ತಿಪ್ಪವ್ವ. ಅಂದವಳು ನಾಲಿಗೆ ಕಚ್ಚಿಕೊಂಡಳು. ಆದರೆ ಮಾತು ಹೊರಗೆ ಬಿದ್ದಾಗಿತ್ತು.

"ಹೂಂ ಯವ್ವಾ."

ಮರುದಿನ ಅವಳು ಸಂತೆಗೆ ಹೋದಳು. ಸಂಜೆ ಮನೆಗೆ ಬಂದರೆ ಬಾಗಿಲು ತೆರೆದಿದೆ, ಮಗ ಇಲ್ಲ, ಆಡೂ ಇಲ್ಲ. ಓಣಿ ಓಣಿ ಕೂಗುತ್ತ ಬಯಲಿಗೆ ಬಂದಳು. ಅಳಿಸಿಹೋದ ರಂಗೋಲಿಯ ಮೇಲೆ, ತಮ್ಮ ಚೌಕ ಇದ್ದ ಜಾಗದಲ್ಲೇ, ಮಾಳ್ಯಾ ನಿಂತಿದ್ದ. ಬೆಳಗಿನಿಂದ ನೀರೂ ಕುಡಿದಿರಲಿಲ್ಲ. ಆಡುಗಳ ಹೊಟ್ಟೆ ಮಾತ್ರ ತುಂಬಿತ್ತು, ಹಗ್ಗ ಅವನ ಮುಷ್ಟಿಯಲ್ಲಿ ಬಿಗಿಯಾಗಿತ್ತು.

"ಬಂದೇನ ಯವ್ವಾ? ಹಂಗಾರ ಈಗ ನೀ ನಿಂದರು, ನಾ ಒಂಚೂರು ಕುಂಡ್ರತೇನಿ" ಅಂದ.