ಹಲಗಿ ನಿಂತ ಕಟ್ಟೆ

ಬೆಣಚಿನಾಳದ ಗರಡಿಮನೆಯ ಎದುರಿಗೆ, ಕುಸ್ತಿಯ ಕಣಕ್ಕೆ ಹೊಂದಿಕೊಂಡಂತೆ, ಎದೆಮಟ್ಟದ ಒಂದು ಕಲ್ಲುಕಟ್ಟೆ ಇದೆ. ಬಂದವರೆಲ್ಲ ಅದರ ಮುಂದೆ ನಿಂತು, ಇದು ಯಾವ ಪೈಲ್ವಾನನ ಸಮಾಧಿ ಎಂದು ಕೇಳುತ್ತಾರೆ. ಮೂವತ್ತು ವರ್ಷದಿಂದ ಈ ಗರಡಿಯ ಕೆಮ್ಮಣ್ಣು ಹದ ಮಾಡುತ್ತ ಬಂದ ನನಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಅದು ಸಮಾಧಿಯಲ್ಲ. ಅದರ ಹೆಸರು ಹಲಗಿ ನಿಂತ ಕಟ್ಟೆ. ತಮಟೆಯಂಥ ಈ ಹಲಗಿಯ ಪೆಟ್ಟು ಕೇಳದೆ ನಮ್ಮೂರ ಜಟ್ಟಿಗಳಿಗೆ ತೊಡೆ ತಟ್ಟಲು ಕೈಯೇ ಏಳುವುದಿಲ್ಲ. ಕುಸ್ತಿ, ಹಲಗಿ ಎರಡೂ ನಮಗೆ ಒಂದೇ ವಿದ್ಯೆ.

ಹಿಂದೊಮ್ಮೆ, ನಮ್ಮ ಮುತ್ತಜ್ಜನ ಕಾಲಕ್ಕೂ ಮೊದಲು, ಇಲ್ಲಿ ಕಾಡಪ್ಪನೆಂಬ ಪೈಲ್ವಾನನಿದ್ದನಂತೆ. ಅವನಿಗೆ ಹಲಗಿ ಬಾರಿಸುವವನು ಕೇರಿಯ ದುರಗಪ್ಪ. ಆಗಿನ ಕಟ್ಟಳೆಯಂತೆ ಎರಡೂ ಊರಿನವರು ತಮ್ಮ ತಮ್ಮ ಹಲಗಿ ತರಬೇಕು, ಒಬ್ಬನ ಬೆನ್ನು ಮಣ್ಣಿಗೆ ಹತ್ತುವ ತನಕ ಬಾರಿಸುತ್ತಲೇ ಇರಬೇಕು. ಯಾವ ಊರಿನ ಹಲಗಿ ನಡುವೆ ನಿಂತಿತೋ ಆ ಊರು ಸೋತಂತೆ. ಹನ್ನೊಂದು ವರ್ಷ ಬಿಡದೆ ಗೆದ್ದ ಬೆಣಚಿನಾಳ ಹನ್ನೆರಡನೆಯದನ್ನೂ ಗೆದ್ದರೆ ಬೆಳ್ಳಿಯ ಗದೆ ಊರಿಗೇ ಖಾಯಂ. ಆ ವರ್ಷದ ಎದುರಾಳಿ ಮರಗೋಳದ ಲಾಲಸಾಬ.

ಕಾಡಪ್ಪ ಅವನ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿದ. ಹಲಗಿ ಏರಿದಂತೆ ಹಿಡಿತವೂ ಬಿಗಿಯಾಗುತ್ತಿತ್ತು. ಆ ಹೊತ್ತಿನಲ್ಲಿ ಕಾಡಪ್ಪನಿಗೆ ದುರಗಪ್ಪನ ಹಲಗಿಯೊಂದನ್ನು ಬಿಟ್ಟು ಲೋಕದಲ್ಲಿ ಮತ್ತೇನೂ ಕೇಳಿಸುತ್ತಿರಲಿಲ್ಲ ಎನ್ನುತ್ತಾರೆ. ಲಾಲಸಾಬನ ಮುಖ ನೆಲದ ಕಡೆಗಿದ್ದುದರಿಂದ ಪಂಚರಿಗೆ ಏನೂ ಕಾಣಲಿಲ್ಲ. ಕೇರಿಯವನೆಂದು ಕಣದಾಚೆ ತಗ್ಗಿನಲ್ಲಿ ನಿಲ್ಲಿಸಿದ್ದ ದುರಗಪ್ಪನಿಗೆ ಮಾತ್ರ ಆ ಕಣ್ಣುಗುಡ್ಡೆ ಮೇಲಕ್ಕೆ ಹೋದದ್ದು ಕಂಡಿತು. ಕೂಗಿದರೆ ಕಾಡಪ್ಪನಿಗೆ ಕೇಳುವುದಿಲ್ಲವೆಂದು ಅವನಿಗೆ ಗೊತ್ತು. ಹಲಗಿ ನಿಲ್ಲಿಸಿಬಿಟ್ಟ. ಒಡನೆ ಕಾಡಪ್ಪನ ಕೈ ಸಡಿಲಿತು. ಲಾಲಸಾಬ ಕೆಮ್ಮಿ ಉಸಿರೆಳೆದುಕೊಂಡ. ಗದೆ ಮರಗೋಳಕ್ಕೆ ಹೋಯಿತು.

“ಊರ ಮಾನ ಮಣ್ಣುಪಾಲು ಮಾಡಿದಿ. ಇನ್ನ ಹಲಗಿ ಮುಟ್ಟಬ್ಯಾಡ,” ಎಂದರು ಊರಗೌಡರು.

“ಆಗಲಿರೀ ಗೌಡ್ರ. ಆದರ ಒಬ್ಬನ ಜೀವ ಹೋಗೂದಕ್ಕ ತಾಳ ಹಾಕೂದು ನನ್ನ ಕಡಿಂದ ಆಗೂದಿಲ್ಲ,” ಎಂದು ದುರಗಪ್ಪ ಹಲಗಿ ಕೆಳಗಿಟ್ಟು ನಡೆದ. ಬಾರಿಸುವುದೊಂದನ್ನೇ ನಂಬಿದ್ದ ಮನುಷ್ಯ. ಇದನ್ನು ಹೇಳುವಾಗ ನನಗೆ ಈಗಲೂ ಆ ಗೌಡರ ಮೇಲೆ ಸಿಟ್ಟು ಬರುತ್ತದೆ.

ಮರುವರ್ಷ ಕಾಡಪ್ಪ ಕಣಕ್ಕಿಳಿಯಲಿಲ್ಲ. “ನಾ ಕೊಲೆಗಾರ ಆಗೂದನ್ನ ದುರಗಪ್ಪ ತಪ್ಪಿಸ್ಯಾನ್ರೀ. ಅಂವ ಬಾರಿಸಿದರನ ನಾ ಆಡಾಂವ. ತಗ್ಗಿನ್ಯಾಗ ನಿಂತಲ್ಲ, ಎಲ್ಲಾರಿಗಿಂತ ಮ್ಯಾಲ ನಿಂತು ಬಾರಸಬೇಕು,” ಎಂದವನೇ ತಾನೇ ಕಲ್ಲು ಹೊತ್ತು ಆ ತಗ್ಗಿನಲ್ಲಿ ಕಟ್ಟೆ ಕಟ್ಟತೊಡಗಿದ. ಮೂರನೆಯ ದಿನ ಮರಗೋಳದಿಂದ ಲಾಲಸಾಬನೂ ಹೆಗಲ ಮೇಲೆ ಒಂದು ಕಲ್ಲು ಹೊತ್ತು ಬಂದನಂತೆ. ಆಮೇಲೆ ಗೌಡರು ದುರಗಪ್ಪನ ಹಲಗಿಗೆ ಅಡ್ಡ ಬರಲಿಲ್ಲ.

ಇಂದಿಗೂ ಹಲಗಿಯವರು ನಿಲ್ಲುವುದು ಆ ಕಟ್ಟೆಯ ಮೇಲೆಯೇ. ಹಲಗಿ ನಿಂತರೆ ಇಬ್ಬರೂ ಜಟ್ಟಿಗಳು ಕೈ ಬಿಡಬೇಕು; ಅದೀಗ ಸೋಲಲ್ಲ. ಗರಡಿಯ ಗೋಡೆಯ ಮೇಲೆ ನಾವು ಗೆದ್ದ ಕುಸ್ತಿಗಳ ಪಟ್ಟಿಯನ್ನೂ ನೀವು ನೋಡಬಹುದು. ವರ್ಷವರ್ಷ ಸುಣ್ಣ ಬಳಿದು ಮತ್ತೆ ಬರೆಯುವಾಗ ಒಂದೆರಡು ಗೆಲುವು ಬಿಟ್ಟುಹೋದರೂ ಯಾರೂ ತಕರಾರು ಮಾಡುವುದಿಲ್ಲ. ಎಲ್ಲಕ್ಕಿಂತ ಮೇಲಿನ ಸಾಲನ್ನು ಮಾತ್ರ ಎಂದೂ ಬಿಟ್ಟಿಲ್ಲ: “ಮರಗೋಳದ ಮುಂದೆ ಸೋತೆವು.”