ಜೋಡಿ ಹೊನ್ನು

ಹೊಳೆಯ ದಂಡೆಯ ಆಶ್ರಮದಲ್ಲಿ ಶಾಂತಪ್ಪಯ್ಯ ಅಂತ ಒಬ್ಬ ಗುರುಗಳಿದ್ದರು. ಹಳೆಯ ಚಿನ್ನದ ನಾಣ್ಯಗಳಿಗೆ ಬೆಲೆ ಕಟ್ಟುವ ವಿದ್ಯೆ ಅವರದು. ಕಣ್ಣು ಹೋಗಿ ಎಷ್ಟೋ ವರ್ಷವಾಗಿತ್ತು, ಬೆರಳಲ್ಲೇ ನೋಡುತ್ತಿದ್ದರು.

ಶಿಷ್ಯರು ಇಬ್ಬರು, ನಾಗೋಜ ಮತ್ತು ಕೇತಣ್ಣ. ಸೇರಿದ ದಿನವೇ ಇಬ್ಬರಿಗೂ ಆನೆ ಮುದ್ರೆಯ ಒಂದೊಂದು ಹೊನ್ನು ಕೊಟ್ಟಿದ್ದರು.

"ಎರಡೂ ಒಂದೇ ಅಚ್ಚಿನವು. ಮಿಕ್ಕವನ್ನೆಲ್ಲ ಜನ ಕರಗಿಸಿ ಬಳೆ ಮಾಡಿಕೊಂಡರು. ಲೋಕದಲ್ಲಿ ಉಳಿದಿರೋದು ಇವೆರಡೇ. ಸವೆದರೆ ಬೆಲೆ ಇಳಿಯುತ್ತೆ. ಜೋಡಿಯಲ್ಲಿ ಒಂದು ಹೋದರೆ ಇನ್ನೊಂದರ ಬೆಲೆ ಏರುತ್ತೆ. ಇದೇ ಮೊದಲ ಪಾಠ."

ನಾಗೋಜ ತನ್ನದನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಬೀಗ ಹಾಕಿದ. ಕೇತಣ್ಣನ ಕೈ ಸುಮ್ಮನಿರುವಂಥದ್ದಲ್ಲ. ಮಾತಾಡುವಾಗಲೂ ಹೆಬ್ಬೆರಳಿಂದ ನಾಣ್ಯ ತಿಕ್ಕುತ್ತಿದ್ದ. ಹನ್ನೆರಡು ವರ್ಷದಲ್ಲಿ ಅವನ ಆನೆಗೆ ಸೊಂಡಿಲೇ ಇಲ್ಲದಂತಾಯಿತು.

ಒಂದು ದಿನ ಗುರುಗಳು ಅಂದರು:

"ನನ್ನ ನಂತರ ಈ ಒರೆಗಲ್ಲು ಒಬ್ಬನಿಗೆ ಮಾತ್ರ. ಯಾರಿಗೆ ಅಂತ ಹುಣ್ಣಿಮೆಗೆ ಹೇಳ್ತೀನಿ."

ಹುಣ್ಣಿಮೆಗೆ ಇನ್ನೂ ಎರಡು ದಿನ ಇತ್ತು. ನಡುಮಧ್ಯಾಹ್ನ, ಹೊಳೆಗೆ ಸ್ನಾನಕ್ಕೆ ಹೋದ ಇಬ್ಬರಲ್ಲಿ ನಾಗೋಜ ಒಬ್ಬನೇ ವಾಪಸು ಬಂದ.

"ಗುರುಗಳೇ, ಕೇತ ಸುಳಿಗೆ ಸಿಕ್ಕಿ ಹೋದ. ನಾಣ್ಯ ಅವನ ಸೊಂಟದಲ್ಲೇ ಇತ್ತು. ಹೆಣಾನೂ ಸಿಗಲಿಲ್ಲ."

ಗುರುಗಳು ಅವನ ದನಿಯತ್ತ ಮುಖ ತಿರುಗಿಸಿದರು.

"ಆಳ ನೋಡೋಕೆ ಕೋಲು ತಗೊಂಡು ಹೋಗಿದ್ದಿರಲ್ಲ?"

"ನೀರಿಗೆ ಚಾಚಿದೆ, ಗುರುಗಳೇ. ಅವನಿಗೆ ಎಟುಕಲಿಲ್ಲ."

"ಕೊಡು ಇಲ್ಲಿ."

ಗುರುಗಳು ಕೋಲನ್ನು ತುದಿಯಿಂದ ಬುಡದವರೆಗೆ ಸವರಿದರು. ನಾಗೋಜನ ಪಂಚೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕೋಲಿನಲ್ಲಿ ಮಾತ್ರ ಹನಿ ತೇವವಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಮುದುಕರು ಕೋಲನ್ನು ಕೆಳಗಿಟ್ಟರು. ಕೇತನ ಮೇಲೆ ಅವರಿಗೆ ಬಹಳ ಪ್ರೀತಿಯಿತ್ತು.

"ಈಗ ಉಳಿದಿರೋದು ನನ್ನದೊಂದೇ" ಅಂದ ನಾಗೋಜ. "ಒಂದು ಗೀರೂ ಬಿದ್ದಿಲ್ಲ. ಬೆಲೆ ಎಷ್ಟಾಗಬಹುದು, ಗುರುಗಳೇ?"

ಜೊತೆಗಾರ ಇನ್ನೂ ನೀರಿನಡಿ ಇದ್ದಾನೆ, ಇವನಿಗೆ ಬೆಲೆಯ ಆತುರ. ಥೂ!

"ತಗೊಂಡು ಬಾ, ನೋಡೋಣ" ಅಂದರು ಗುರುಗಳು.

ನಾಗೋಜ ಗೋಡೆಯ ಗೂಡಿನಿಂದ ಡಬ್ಬಿ ಇಳಿಸಿ ಬೀಗ ತೆಗೆದ. ಹತ್ತಿ ಒದ್ದೆಯಾಗಿತ್ತು, ಕೆಸರಿನ ವಾಸನೆ ಬಂತು. ಅವಸರದಲ್ಲಿ ನಾಣ್ಯವನ್ನು ಗುರುಗಳ ಅಂಗೈಗೆ ಹಾಕಿದ.

ಗುರುಗಳ ಹೆಬ್ಬೆರಳು ನಾಣ್ಯದ ಮೇಲೆ ಜಾರಿ, ಒಂದು ಕುಳಿಯಲ್ಲಿ ನಿಂತಿತು.

"ಸೊಂಡಿಲು ಎಲ್ಲಯ್ಯ?"

ನಾಗೋಜ ಬಗ್ಗಿ ನೋಡಿದ. ಸೊಂಡಿಲಿಲ್ಲದ ಆನೆ.

"ಇದು ಕೇತನದು! ಬೀಗ ಹಾಕಿತ್ತು, ಗುರುಗಳೇ. ಬೀಗದ ಕೈ ನನ್ನ ಉಡಿದಾರದಲ್ಲೇ ಇದೆ. ನನ್ನದು ಎಲ್ಲಿ ಹೋಯಿತು?"

"ಸತ್ತವರ ಬಾಯಿಗೆ ಚೂರು ಚಿನ್ನ ಇಡಬೇಕು. ನೀನು ಇಡಲಿಲ್ಲ. ಅವನೇ ಬಂದು ತಗೊಂಡಿದ್ದಾನೆ. ಬೆಲೆ ಬಲ್ಲವನು, ಸವೆಯದ್ದನ್ನೇ ಆರಿಸಿಕೊಂಡಿದ್ದಾನೆ."

ನಾಗೋಜ ನೆಲ ನೋಡಿದ. ಹೊಸ್ತಿಲಿಂದ ಗೂಡಿನವರೆಗೆ, ಅವನ ಹೆಜ್ಜೆಗಳ ಪಕ್ಕದಲ್ಲಿ ಇನ್ನೊಂದು ಸಾಲು ಒದ್ದೆ ಹೆಜ್ಜೆ. ಒಳಗೆ ಬಂದವು ಇದ್ದವು. ಹೊರಗೆ ಹೋದವು ಇರಲಿಲ್ಲ.

ಗುರುಗಳು ಒರೆಗಲ್ಲನ್ನು ಅವನ ಕಡೆ ತಳ್ಳಿದರು.

"ತಗೋ. ಇನ್ನು ಇದು ನಿನ್ನದೇ."

ನಾಗೋಜ ಅದನ್ನು ಮುಟ್ಟಲಿಲ್ಲ. ಅವನ ಕಣ್ಣು ಆ ಹೆಜ್ಜೆಗಳ ಮೇಲೇ ಇತ್ತು.

"ನಾಣ್ಯ ಸಿಕ್ಕಿತಲ್ಲ ಗುರುಗಳೇ, ಅವನು ಯಾಕೆ ಹೋಗಲಿಲ್ಲ? ಇನ್ನೇನು ಬೇಕು ಅವನಿಗೆ?"

"ಜೋಡಿಯಲ್ಲಿ ಒಂದು ಹೋದರೆ ಇನ್ನೊಂದರ ಬೆಲೆ ಏರುತ್ತೆ ಅಂತ ನಾನು ಇಬ್ಬರಿಗೂ ಒಟ್ಟಿಗೇ ಕಲಿಸಿದ್ದೆ ಕಣಯ್ಯ."