ಶಾಸಕರ ಸೊಂಟದ ಸೌಟು

ಅಂದು ಎಂದಿನಂತೆ ಜೈಲಿನ ಅಂಗಳದಲ್ಲಿ ಕೈದಿಗಳು ಊಟಕ್ಕೆ ಸಾಲು ನಿಂತಿದ್ದರು. ಶಾಸಕ ಪುಟ್ಟರಂಗೇಗೌಡರು ನೋಡಲು ಬಂದರು.

"ಒಳಗಿನ ಕಾವಲುಗಾರರೂ ಪಿಸ್ತೂಲು ಇಟ್ಕೋಬೇಕು. ನಾಳೆಯೇ ಮಸೂದೆ ತರ್ತೀನಿ," ಎಂದರು.

ವಾರ್ಡರ್ ಕೆಂಪಯ್ಯ ಕೈದಿಗಳ ಸಾಲಿನತ್ತ ಕೈ ತೋರಿದ. "ಇವರು ಕಿತ್ಕೊಂಡ್ರೆ ಮೊದಲ ಗುಂಡು ನನಗೇ ಸ್ವಾಮಿ."

"ನನ್ನ ಸೊಂಟದಿಂದ ಯಾವನಯ್ಯ ಕೀಳ್ತಾನೆ?" ಎಂದರು ಶಾಸಕರು.

ಕೆಂಪಯ್ಯ ಸಾರಿನ ಹಂಡೆಯ ಸೌಟನ್ನು ತೊಳೆದು ಶಾಸಕರ ಸೊಂಟಕ್ಕೆ ಸಿಕ್ಕಿಸಿದ. "ಇದೇ ಪಿಸ್ತೂಲು ಅಂದ್ಕೊಳ್ಳಿ. ಸಾಲಿನ ಕೊನೆವರೆಗೂ ಹೋಗಿ ತೋರಿಸಿ."

ಶಾಸಕರು ಹೊರಟರು. ಓಟು ಕೇಳಿದ ಅಭ್ಯಾಸ. ಜನರ ಸಾಲು ಕಂಡೊಡನೆ ಎರಡೂ ಕೈ ತಾವಾಗಿಯೇ ಮುಗಿದುಕೊಂಡವು. ಕೊನೆ ಮುಟ್ಟಿ, "ನೋಡಿದೆಯಾ?" ಎಂದು ಸೊಂಟ ತಟ್ಟಿಕೊಂಡರು. ಮತ್ತೆ ತಡವಿಕೊಂಡರು.

"ಮಸೂದೆಗೇನು ಅವಸರ ಬಿಡಯ್ಯ," ಎಂದರು ಮೆಲ್ಲಗೆ.

ಹಂಡೆಯ ಬಳಿ ಕೈದಿಯೊಬ್ಬ ಅದೇ ಸೌಟಿನಿಂದ ಸಾರು ಬಡಿಸುತ್ತಿದ್ದ.